ಹಿತ್ತಲ ಬಾಗಿಲ ಪಾಯವ್ವ

ನಾನು ಹೇಳುವುದು ಬಹಳ ಹಿಂದಿನ ಮಾತು. ಎಷ್ಟು ಹಿಂದಿನದು ಅಂದರೆ, ನನ್ನಜ್ಜ ಇದನ್ನು ಕೇಳುವಾಗಲೇ ಇದು ಹಳೇ ಮಾತಾಗಿತ್ತು. ಹೊಳೆಯ ದಂಡೆಗೆ ಕಂಚಗೇರಿ ಅಂತ ಒಂದೂರು. ಆ ಊರಲ್ಲಿ ಬೋಗಾರರ ಓಣಿ. ಬೋಗಾರರು ಅಂದರೆ ತಾಮ್ರ, ಹಿತ್ತಾಳೆ, ಕಂಚಿನ ಪಾತ್ರೆ ಮಾರುವ ಜನ. ಓಣಿಯ ತುದಿಯಲ್ಲಿ ಒಂದು ಮನೆ, ಮನೆಯ ಮುಂದೆ ಒಂದು ಕಲ್ಲುಕಟ್ಟೆ. ಆ ಕಟ್ಟೆಯ ಮೇಲೆ ಕೂತವರು ಹಳೆಯ ಸಾಮಾನಿಗೆ ಬೆಲೆ ಕಟ್ಟುತ್ತಿದ್ದರಂತೆ.

ಅಣ್ಣತಮ್ಮಂದಿರು ಪಾಲಾಗುವಾಗ ಅಜ್ಜಿಯ ಕಾಲದ ಹಂಡೆ ಯಾರಿಗೆ, ದೇವರ ಜಗಲಿಯ ಗಂಟೆ ಯಾರಿಗೆ ಅಂತ ಜಗಳ ಬಂದರೆ ಗಾಡಿ ಕಟ್ಟಿಕೊಂಡು ಕಂಚಗೇರಿಗೆ ಬರುವರು. ಕಷ್ಟಕ್ಕೆ ಸಿಕ್ಕವರು ತವರಿನ ತಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬರುವರು. ಕಟ್ಟೆಯ ಮೇಲಿನವರು ಅದನ್ನು ತಿರುಗಿಸಿ ನೋಡಿ, ಉಗುರಿನಿಂದ ಬಡಿದು ದನಿ ಕೇಳಿ, ಇದು ಇಷ್ಟು ತಲೆಮಾರಿನದು, ಇದರ ಬೆಲೆ ಇಷ್ಟು ಅನ್ನುವರು. ಅವರು ಅಂದದ್ದೇ ಬೆಲೆ. ಹತ್ತೂರಿನವರು ಒಪ್ಪುವರು.

ಮೊದಲು ಆ ಕಟ್ಟೆಯ ಮೇಲೆ ಬ್ರಹ್ಮಪ್ಪ ಅಂತ ಒಬ್ಬ ಕೂಡುತ್ತಿದ್ದ. ದೊಡ್ಡ ಹೆಸರು ಅವನದು. ಯಾರು ಏನು ತಂದರೂ, ತಡೀರಿ, ಮೊದಲು ತೊಳೆಸೋಣ ಅಂತ ಒಳಗೆ ಕಳಿಸುವನು. ಒಳಗೆ ಅವನ ಹೆಂಡತಿ ಪಾಯವ್ವ ತೊಳೆದುಕೊಡುವಳು. ಆಮೇಲೆ ಬ್ರಹ್ಮಪ್ಪ ಬೆಲೆ ಹೇಳುವನು. ತೊಳೆದುಕೊಡುವಾಗ ಆಕೆ ಮೆಲ್ಲಗೆ ಒಂದು ಮಾತು ಹೇಳಿ ಕೊಡುತ್ತಿದ್ದಳು, ಆ ಮಾತೇ ಬೆಲೆಯಾಗಿ ಹೊರಗೆ ಬರುತ್ತಿತ್ತು ಅನ್ನುವುದು ಗಂಡಹೆಂಡತಿ ಇಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲವಂತೆ.

ಬ್ರಹ್ಮಪ್ಪ ನಡುವಯಸ್ಸಿನಲ್ಲಿ ತೀರಿಕೊಂಡ. ಮಕ್ಕಳಿರಲಿಲ್ಲ. ಕಟ್ಟೆಗೆ ಅವನ ತಮ್ಮ ಧರಣೆಪ್ಪ ಬಂದ. ಧರಣೆಪ್ಪ ದಡ್ಡನಲ್ಲ. ಲೋಹ ಬಲ್ಲವನು, ಎರಕ ಬಲ್ಲವನು, ಹಳೆಯ ಲೋಹಕ್ಕೆ ಹಿಡಿಯುವ ಹಸಿರು ಕಿಲುಬು ನೋಡಿ ಮೂರು ಬಗೆ ಹೇಳುವವನು. ಅಣ್ಣ ಇರುವವರೆಗೆ ಅವನನ್ನು ಯಾರೂ ಕೇಳಿರಲಿಲ್ಲ. ಈಗ ಕೇಳುತ್ತಾರೆ ಅಂತ ಅವನಿಗೆ ಹಿಗ್ಗು.

ಒಂದು ದಿನ ಹಳ್ಳಿಯ ಹೆಣ್ಣುಮಗಳೊಬ್ಬಳು ಸತ್ತ ತಾಯಿಯ ಗಿಂಡಿ ತಂದಳು. ಧರಣೆಪ್ಪ ನೋಡಿ, ಇದು ಕರಗಿಸುವ ಮಾಲು ಅಂದ. ಆಕೆ ಕಣ್ಣೊರೆಸಿಕೊಂಡು ನೀರು ಕುಡಿಯಲು ಹಿತ್ತಲಿಗೆ ಹೋದಳು. ಅಲ್ಲಿ ಪಾಯವ್ವ ಪಾತ್ರೆ ತಿಕ್ಕುತ್ತಿದ್ದಳು. ಗಿಂಡಿಯನ್ನು ಈಸಿಕೊಂಡು, ಹೆಬ್ಬೆರಳಿನಿಂದ ಅದರ ಕೊರಳು ಸವರಿದಳು.

"ಇದನ್ನ ಕರಗಸಾಕ ಕೊಡಬ್ಯಾಡ ತಂಗಿ," ಅಂದಳಂತೆ. "ನಿಮ್ಮವ್ವನ ಮುತ್ತಜ್ಜಿ ಇದರಾಗ ಕೂಸಿಗೆ ಹಾಲು ಹನಿಸ್ಯಾಳ. ದೇಸಾಯರ ವಾಡೆಕ್ಕ ಒಯ್ದು ತೋರಸು."

ದೇಸಾಯಿ ಆ ಸೀಮೆಯ ಒಡೆಯ; ಹಳೆಯ ಸಾಮಾನು ಅಂದರೆ ಅವನಿಗೆ ಪ್ರಾಣ. ಗಿಂಡಿಗೆ ಬದಲಾಗಿ ಎರಡು ಎಮ್ಮೆ ಕೊಟ್ಟ ಅಂತಾರೆ. ನಾಲ್ಕು ಅನ್ನುವವರೂ ಇದ್ದಾರೆ. ಆ ಹೆಣ್ಣುಮಗಳು ಒಂದು ಗಡಿಗೆ ತುಪ್ಪ ತಂದು ನೇರ ಹಿತ್ತಲ ಬಾಗಿಲಿಗೆ ಹೋಗಿ ಕೊಟ್ಟಳು. ಕಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ.

ಅಲ್ಲಿಂದ ಶುರುವಾಯಿತು. ಮೊದಲು ಹೆಂಗಸರು ಹಿತ್ತಲಿಗೆ ಹೋದರು. ಆಮೇಲೆ ಗಂಡಸರೂ ಹೋದರು. ಕಟ್ಟೆಯ ಮೇಲೆ ಕೂತ ಧರಣೆಪ್ಪನಿಗೆ ಓಣಿಯಲ್ಲಿ ಹೆಜ್ಜೆ ಸದ್ದು ಕೇಳುವುದು, ಹತ್ತಿರ ಬರುವುದು, ಗೋಡೆಯ ಪಕ್ಕ ಹಾದು ಹಿಂದಕ್ಕೆ ಹೋಗುವುದು. ಅವನು ಗೋಡೆಗೆ ಕಿವಿ ಹಚ್ಚಿ ಕೂಡುತ್ತಿದ್ದನಂತೆ. ಯಾರಾದರೂ ಪಾಯವ್ವನ ಹೆಸರು ಎತ್ತಿದರೆ ಬಾಯಲ್ಲಿದ್ದ ತುತ್ತು ಇಳಿಯುತ್ತಿರಲಿಲ್ಲವಂತೆ. ಅವನ ಸ್ವಂತ ಹೆಂಡತಿ ಒಂದು ದಿನ ತವರಿನ ಆರತಿತಟ್ಟೆಯನ್ನು ಗಂಡನಿಗೆ ತೋರಿಸದೆ ಪಾಯವ್ವನಿಗೆ ತೋರಿಸಿದಳು. ಅದನ್ನು ಅವನು ನೋಡಿದ. ಅವತ್ತೇ ಅವನೊಳಗೆ ಏನೋ ಕೆಟ್ಟಿತು ಅಂತಾರೆ.

ಅವನು ದೂರದ ಊರಿನ ಎರಕದವನ ಹತ್ತಿರ ಒಂದು ದೀಪ ಮಾಡಿಸಿದ. ಎದೆಯೆತ್ತರದ ಕಂಚಿನ ದೀಪ, ತಲೆಯ ಮೇಲೆ ಹಂಸ. ಅದಕ್ಕೆ ಉಪ್ಪು, ಹುಣಸೆಹುಳಿ, ಗಂಜಲ ಸವರಿ ತಿಪ್ಪೆಯಲ್ಲಿ ಹೂತ. ತಿಂಗಳಿಗೊಮ್ಮೆ ತೆಗೆದು ನೋಡಿ ಮತ್ತೆ ಹೂತ. ಒಂದು ಮಳೆಗಾಲ, ಒಂದು ಚಳಿಗಾಲ ಕಳೆದ ಮೇಲೆ ತೆಗೆದರೆ ಅದು ಹಾಳೂರಿನ ಗುಡಿಯಿಂದ ಎದ್ದುಬಂದಂತೆ ಇತ್ತಂತೆ. ಅದನ್ನು ಒಬ್ಬ ಅಲೆಮಾರಿ ವ್ಯಾಪಾರಿಯ ಕೈಗೆ ಕೊಟ್ಟು ದೇಸಾಯಿಯ ವಾಡೆಗೆ ಕಳಿಸಿದ. ದೇಸಾಯಿ ಬೆಲೆ ಕಟ್ಟಲು ತಮ್ಮಿಬ್ಬರನ್ನೂ ಕರೆಸುತ್ತಾನೆ, ಪಾಯವ್ವ ಹಳೆಯದು ಅನ್ನುತ್ತಾಳೆ, ಆಗ ಎರಕದವನನ್ನು ಮುಂದೆ ನಿಲ್ಲಿಸಿ ಆಕೆಯ ಮಾನ ಕಳೆಯಬೇಕು ಅನ್ನುವುದು ಅವನ ಲೆಕ್ಕ.

ದೇಸಾಯಿ ಕರೆಸಿದ. ಇಬ್ಬರೂ ಹೋದರು. ವಾಡೆಯ ಪಡಸಾಲೆಯಲ್ಲಿ ಹತ್ತೂರಿನ ಹಿರಿಯರು ಕೂತಿದ್ದರು. ಪಾಯವ್ವ ಕೂತು ದೀಪವನ್ನು ಬುಡದಿಂದ ಹಂಸದವರೆಗೆ ಒಮ್ಮೆ ಸವರಿದಳು. ಒಂದೇ ಸಲ.

"ದೇಸಾಯರ, ಇದು ಹೋದ ವರ್ಷ ಹುಟ್ಟಿದ ದೀಪ," ಅಂದಳು. "ಕಂಚಿನ ತೂಕಕ್ಕ ಏನು ಬರತೈತೋ ಅಷ್ಟ ಕೊಡ್ರಿ."

ಕಾರಣ ಹೇಳಲು ಆಕೆ ಮತ್ತೆ ಬಾಯಿ ತೆರೆದಳಂತೆ. ಆದರೆ ದೇಸಾಯಿಗೆ ಆಗಲೇ ಆ ದೀಪದ ಮೇಲೆ ಮನಸ್ಸಾಗಿತ್ತು. ಅವನು ಧರಣೆಪ್ಪನ ಕಡೆ ತಿರುಗಿ, ನೀ ಏನಂತಿ ಅಂದ.

ಧರಣೆಪ್ಪನ ಲೆಕ್ಕ ತಲೆಕೆಳಗಾಗಿತ್ತು. ಹೌದು, ಹೊಸದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹಿರಿಯರೆಲ್ಲ ಪಾಯವ್ವನ ಮುಖವನ್ನೇ ನೋಡುತ್ತಿದ್ದರು. ಅದನ್ನು ಅವನಿಂದ ತಾಳಲಾಗಲಿಲ್ಲ.

"ಐದು ತಲೆಮಾರಿನ ದೀಪ," ಅಂದ. "ಕಿಲುಬು ನೋಡ್ರಿ. ವೈನಿ ತಪ್ಪಿದಳು."

ಅಣ್ಣನ ಹೆಂಡತಿಯನ್ನು ನಮ್ಮ ಕಡೆ ವೈನಿ ಅಂತಾರೆ. ದೇಸಾಯಿ ಆಣೆ ಕೇಳಿದ. ಧರಣೆಪ್ಪ ಸೊಂಟದ ಚೀಲದಿಂದ ಮನೆತನದ ಒರೆಗಲ್ಲು ತೆಗೆದು, ಅದನ್ನು ಮುಟ್ಟಿ ಆಣೆ ಮಾಡಿದ. ಪಾಯವ್ವ ಅವನನ್ನು ಒಮ್ಮೆ ನೋಡಿದಳು, ಸೆರಗು ಹೊದ್ದುಕೊಂಡು ಎದ್ದು ಹೋದಳು. ಇನ್ನು ಮೇಲೆ ಹಿತ್ತಲ ಬಾಗಿಲಿಗೆ ಯಾರೂ ಸಾಮಾನು ಒಯ್ಯಬಾರದು ಅಂತ ದೇಸಾಯಿ ಸಾರಿಸಿದ.

ಧರಣೆಪ್ಪ ಗೆದ್ದ. ಹೆಜ್ಜೆಗಳು ಕಟ್ಟೆಯ ಮುಂದೆ ನಿಂತವು. ದೇಸಾಯಿ ಶಾಲು ಹೊದಿಸಿದ. ಆದರೆ ಹೊಟ್ಟೆಕಿಚ್ಚು ಆರಲಿಲ್ಲವಂತೆ, ಮೊದಲಿಗಿಂತ ಹೆಚ್ಚಾಯಿತಂತೆ. ಯಾಕೆಂದರೆ ಆಕೆಯ ಮಾತು ಸರಿ ಅಂತ, ಆಕೆಯನ್ನು ಬಿಟ್ಟರೆ, ಊರಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಕಿಲುಬಿನಲ್ಲಿ ಕೊರತೆ ಇರಲಿಲ್ಲ, ದನಿಯಲ್ಲಿ ಇರಲಿಲ್ಲ, ಎರಕದಲ್ಲಿ ಇರಲಿಲ್ಲ. ಬರೀ ಒಮ್ಮೆ ಸವರಿ ಹೇಗೆ ಹೇಳಿದಳು? ಆಕೆ ದಿನಾ ಹಿತ್ತಲಲ್ಲಿ ಕೂತು ಮನೆಯ ಪಾತ್ರೆ ತಿಕ್ಕುವಳು, ಯಾರನ್ನೂ ದೂರುವಳಲ್ಲ. ಅವನು ಬಾಗಿಲ ಮರೆಯಿಂದ ಆಕೆಯ ಕೈ ನೋಡುವನು. ಆ ಕೈಗೆ ಗೊತ್ತಿರುವುದು ನನ್ನ ಕೈಗೆ ಯಾಕೆ ಗೊತ್ತಿಲ್ಲ ಅಂತ ಒಂದು ವರ್ಷ ಸುಟ್ಟುಕೊಂಡ ಅಂತಾರೆ. ಬಂದವರಿಗೆ ಬೆಲೆ ಹೇಳುವಾಗ ಅವನ ನಾಲಿಗೆ ತಡವರಿಸತೊಡಗಿತು.

ಕೊನೆಗೆ ಒಂದು ಮುಂಜಾನೆ ಹಿತ್ತಲಿಗೆ ಬಂದು ನಿಂತ.

"ವೈನಿ, ಆ ದೀಪ ಹೊಸಾದು ಅಂತ ನಿಮಗ ಹೆಂಗ ಗೊತ್ತಾತು?"

ಪಾಯವ್ವ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಹಳೇದು ಅಂತ ಆಣಿ ಮಾಡಿದವ ನೀನು. ನನ್ನನ್ಯಾಕ ಕೇಳತಿ?"

"ಆಣಿ ಸುಳ್ಳು. ದೀಪ ಮಾಡಿಸಿದವನೂ ನಾನ."

"ಗೊತ್ತೈತಿ," ಅಂದಳು ಪಾಯವ್ವ. "ಅಷ್ಟು ಚಂದ ಕಿಲುಬು ಬರಸಾಕ ಈ ಸೀಮಿಯೊಳಗ ನಿನ್ನ ಬಿಟ್ಟು ಯಾರಿಗೂ ಬರೂದಿಲ್ಲ. ಲೋಹಕ್ಕ ವಯಸ್ಸು ತಂದಿ, ಧರಣೆಪ್ಪಾ. ಆದ್ರ ಐದು ತಲೆಮಾರಿನ ದೀಪ ಅಂದ್ರ ಐದು ತಲೆಮಾರಿನ ಹೆಂಗಸರು ಅದನ್ನ ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕಿರಬೇಕು. ಹಂಸದ ಕಣ್ಣು ಸವದಿರಬೇಕು, ಕೊಕ್ಕು ಮೊಂಡ ಆಗಿರಬೇಕು. ಎಡಗೈಲೆ ಹಿಡಿದ ಜಾಗ ನುಣ್ಣಗ ಆಗಿರಬೇಕು. ನಿನ್ನ ದೀಪದ ಮ್ಯಾಲ ಒಬ್ಬ ಹೆಣ್ಣುಮಗಳ ಕೈಯೂ ಇದ್ದಿದ್ದಿಲ್ಲ."

ಧರಣೆಪ್ಪ ಆಕೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಆಮೇಲೆ ಕೇಳಿದ. "ಆವತ್ತ ಯಾಕ ಹೇಳಲಿಲ್ಲ?"

"ನನ್ನ ಯಾರೂ ಕೇಳಲಿಲ್ಲ. ನೀನ ಹೇಳತಿ ಅಂತ ಕಾದೆ."

ಅವತ್ತೇ ಧರಣೆಪ್ಪ ವಾಡೆಗೆ ನಡೆದ. ದೇಸಾಯಿಯ ಬೀಗರು ಬಂದು ಕೂತಿದ್ದರು, ದೀಪ ಅವರ ನಡುವೆ ಇತ್ತು. ಅವರೆಲ್ಲರ ಮುಂದೆ ಇದ್ದದ್ದನ್ನು ಇದ್ದಂತೆ ಹೇಳಿದ. ದೇಸಾಯಿಯ ಮುಖ ಕಪ್ಪಿಟ್ಟಿತು. ದೀಪವನ್ನು ಅಲ್ಲೇ ಒಡೆಸಿ ಕುಲುಮೆಗೆ ಹಾಕಿಸಿದ. ಧರಣೆಪ್ಪನ ಹೆಗಲ ಮೇಲಿನ ಶಾಲು ಕಿತ್ತುಕೊಂಡ. ತಾನೇ ಪಾಯವ್ವನ ಹಿತ್ತಲಿಗೆ ಬಂದು, ತಾಯಿ, ಮುಂದಿನ ಕಟ್ಟೆಗೆ ಬರ್ರಿ ಅಂದ.

ಪಾಯವ್ವ ಮುಂದೆ ಬಂದಳು. ಹೆಂಗಸೊಬ್ಬಳು ಆ ಕಟ್ಟೆಯ ಮೇಲೆ ಕೂತಿದ್ದು ಅದೇ ಮೊದಲು. ಧರಣೆಪ್ಪ ಬಂದು, ನನಗೂ ಕಲಿಸ್ರಿ ಅಂದಾಗ ಆಕೆ, "ತಿಕ್ಕು," ಅಂದಳಂತೆ, ಅಷ್ಟೇ. ಅವನು ಹಿತ್ತಲಲ್ಲಿ ಕೂತ. ಬಂದ ಪಾತ್ರೆಗಳನ್ನೆಲ್ಲ ತಿಕ್ಕಿದ. ಮೂರು ವರ್ಷ ತಿಕ್ಕಿದ, ಬೆರಳು ಬಿರಿದು ರಕ್ತ ಬಂತು. ಓಣಿಯ ಗಂಡಸರು ನಕ್ಕರು. ನಾಲ್ಕನೆಯ ವರ್ಷ ಅವನ ಹೆಬ್ಬೆರಳಿಗೆ ತಿಳಿಯತೊಡಗಿತು. ಪ್ರತಿ ಸಾಮಾನಿಗೂ ತನ್ನ ಬೆಲೆಯನ್ನು ಮನಸ್ಸಿನಲ್ಲೇ ಹೇಳಿಕೊಂಡು ಹೊರಗೆ ಕಳಿಸುವನು, ಪಾಯವ್ವ ಏನನ್ನುತ್ತಾಳೆ ಅಂತ ಕಿವಿಗೊಡುವನು. ಹತ್ತರಲ್ಲಿ ಒಂಬತ್ತು ಕೂಡುತ್ತಿತ್ತು. ಕೂಡದ ಆ ಒಂದು ಅವನ ಊಟ ಕೆಡಿಸುತ್ತಿತ್ತು. ಕೊನೆಯವರೆಗೂ ಕೆಡಿಸಿತು ಅಂತಾರೆ.

ಪಾಯವ್ವ ಹಣ್ಣು ಮುದುಕಿಯಾಗಿ ತೀರಿಕೊಂಡಳು. ಹತ್ತೂರಿನ ಹೆಂಗಸರು ಬಂದರು. ಎಷ್ಟು ಜನ ಬಂದರು ಅಂದರೆ ಓಣಿ ಸಾಲದೆ ಹೊಳೆಯ ದಂಡೆಯವರೆಗೆ ನಿಂತಿದ್ದರಂತೆ. ನಾನು ಸತ್ತರೆ ಇದರ ಅರ್ಧ ಜನವೂ ಬರುವುದಿಲ್ಲ ಅಂತ ಧರಣೆಪ್ಪ ಹೆಂಡತಿಯ ಮುಂದೆ ಅಂದನಂತೆ. ಅಂದು, ಗೋಡೆಗೆ ಮುಖ ಮಾಡಿ ಅತ್ತನಂತೆ.

ಹದಿಮೂರನೆಯ ದಿನ ಕಳೆದ ಮೇಲೆ ಊರವರು ಅವನನ್ನು ಮತ್ತೆ ಕಟ್ಟೆಯ ಮೇಲೆ ಕೂಡಿಸಿದರು. ಯಾರೋ ಒಂದು ಹಳೇ ತಂಬಿಗೆ ತಂದರು. ಅವನು ಸವರಿದ. ಬೆಲೆ ಗೊತ್ತಾಯಿತು. ಆದರೂ ಬೆಲೆ ಹೇಳುವ ಮೊದಲು, "ಪಾಯವ್ವ ನೋಡಿದ್ದರ ನನಗಿಂತ ಚಲೋ ಹೇಳತಿದ್ದಳು," ಅಂದ. ಅಂದ ಮೇಲೆ ಬೆಲೆ ಹೇಳಿದ. ಮರುದಿನ ಇನ್ನೊಂದು ಸಾಮಾನು ಬಂತು. ಅವತ್ತೂ ಹಾಗೇ ಅಂದ. ಸಾಯುವವರೆಗೂ ಆ ಮಾತು ಅನ್ನದೆ ಒಂದೇ ಒಂದು ಬೆಲೆ ಹೇಳಲಿಲ್ಲವಂತೆ.

ಇವತ್ತಿಗೂ ಕಂಚಗೇರಿಯಲ್ಲಿ ಹಳೆಯ ಸಾಮಾನಿಗೆ ಬೆಲೆ ಕಟ್ಟುವವರು ಮೊದಲು ಆ ಮಾತು ಹೇಳುತ್ತಾರೆ. ಹೇಳದಿದ್ದರೆ ಮಾಲು ತಂದವರು ಎದ್ದು ಹೋಗುತ್ತಾರೆ. ಕಟ್ಟೆಯ ಮೇಲೆ ನಲವತ್ತು ವರ್ಷ ನಾನೂ ಕೂತಿದ್ದೇನೆ, ದಿನಾ ಹೇಳಿದ್ದೇನೆ. ಧರಣೆಪ್ಪನ ಮನೆತನದವನು ನಾನು. ಆ ಮಾತು ಬಾಯಿಗೆ ಬರುವಾಗ ಇದನ್ನು ಬಿಟ್ಟು ನನ್ನ ಬೆಲೆಯನ್ನೇ ಹೇಳಿಬಿಡೋಣ ಅಂತ ಒಂದು ಗಳಿಗೆ ಅನಿಸುತ್ತದೆ. ಆದರೂ ಮೊದಲು ಅದನ್ನೇ ಹೇಳುತ್ತೇನೆ.