ಮತ್ತಿಮರದ ಆಸರೆಯೂ ಕಾಲೇಜಿನ ಕಮಾನೂ

ಒಂದು ಸೀಮೆಯ ಅರಸರು ತಮ್ಮ ಪ್ರಜೆಗಳ ಮಕ್ಕಳು ಓದಲೆಂದು ದೊಡ್ಡ ಕಾಲೇಜೊಂದನ್ನು ಕಟ್ಟಿಸತೊಡಗಿದರು. ಅದರ ಹೆಬ್ಬಾಗಿಲಿಗೆ ಕಲ್ಲಿನ ಕಮಾನು ಏಳಬೇಕಿತ್ತು. ಕಲ್ಲುಗಳು ಒಂದಕ್ಕೊಂದು ಕೂಡಿಕೊಳ್ಳುವ ತನಕ ಅವನ್ನು ಹೊರಲೆಂದು ಮೇಸ್ತ್ರಿ ಕೆಂಪಾಚಾರಿ ಬಾಗಿಲಿನ ನಡುವೆ ಹಲವು ಕಾಲುಗಳ ಮತ್ತಿಮರದ ಆಸರೆಯೊಂದನ್ನು ನಿಲ್ಲಿಸಿದ. ಆಸರೆ ಬಿಸಿಲು ಮಳೆಯೆನ್ನದೆ ಹೊತ್ತಿತು. ಹೊರುತ್ತ ಹೊರುತ್ತ, ಇಡೀ ಕಾಲೇಜು ನಿಂತಿರುವುದೇ ತನ್ನಿಂದ ಎಂದು ಅದಕ್ಕೆ ಖಾತ್ರಿಯಾಯಿತು.

ನೆತ್ತಿಯ ಕಲ್ಲು ಕೂತು ಗಾರೆ ಒಣಗಿದ ಮೇಲೆ, ಆಸರೆಯ ಬುಡದ ಬೆಣೆ ತೆಗೆಯಲು ಮೇಸ್ತ್ರಿ ಸುತ್ತಿಗೆ ಹಿಡಿದು ಬಂದ. ಬೆಣೆ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಆಸರೆ ಅದನ್ನು ಬಿಗಿಯಾಗಿ ಅದುಮಿಕೊಂಡಿತ್ತು.

"ಮಗು, ನಾನು ಸರಿದರೆ ನೀನು ಬೀಳುತ್ತೀಯೆ," ಎಂದು ಅದು ಕಮಾನಿಗೆ ಹೇಳಿತು.

"ಬೀಳಲೂಬಹುದು, ಅಜ್ಜ," ಎಂದಿತು ಕಮಾನು. "ಆದರೆ ತಾವು ಇಲ್ಲಿರುವ ತನಕ ಈ ಬಾಗಿಲಿನಿಂದ ಒಬ್ಬ ವಿದ್ಯಾರ್ಥಿಯೂ ಒಳಗೆ ಹೋಗಲಾರ."

ಆಸರೆ ಕೆಳಗೆ ನೋಡಿತು. ಬಾಗಿಲ ತುಂಬ ತನ್ನ ಕಾಲುಗಳೇ ಇದ್ದವು.

ಅದು ತನ್ನ ಬಿಗಿ ಸಡಿಲಿಸಿ, "ಬೆಣೆಯೇ, ಇನ್ನು ನೀನು ಹೊರಡು," ಎಂದಿತು. ಮುಂದಿನ ಪೆಟ್ಟಿಗೇ ಬೆಣೆ ಕಳಚಿತು. ಕಮಾನು ಕೂದಲೆಳೆಯಷ್ಟು ಕುಸಿದು, ಕಲ್ಲಿಗೆ ಕಲ್ಲು ಕಚ್ಚಿಕೊಂಡು, ನಿಂತೇ ನಿಂತಿತು.

ಆಳುಗಳು ಆಸರೆಯನ್ನು ಅಂಗಳದ ಗೋಡೆಗೆ ಒರಗಿಸಿದರು. ಅಲ್ಲಿಂದ ಅದು ಸಂಜೆಯವರೆಗೂ ಕಮಾನನ್ನೇ ನೋಡಿತು. ಕಮಾನು ಬೀಳಲಿಲ್ಲ. ಆಸರೆಗೆ ಬಹಳ ಸಂತೋಷವಾಯಿತು. ಒಂದು ಕಲ್ಲಾದರೂ ಜಾರಲಿಲ್ಲವಲ್ಲ ಎಂದು ಒಳಗೊಳಗೇ ತುಸು ಬೇಸರವೂ ಆಯಿತು.