ಸಾಕ್ಷಿಗುಡ್ಡದ ತೆಳುಗುಳಿ

ಬಳ್ಳಾರಿ ಸೀಮೆಯಲ್ಲಿ, ಹಳ್ಳದ ಪಕ್ಕಕ್ಕೆ ಒಂದು ಕರಿಗಲ್ಲಿನ ಗುಡ್ಡವಿದೆ. ಅದರ ಬುಡದ ಹಾಸುಬಂಡೆಯ ಮೇಲೆ ಅಂಗೈಯಗಲದ ಉದ್ದನೆಯ ಗುಳಿಗಳು ಸಾಲಾಗಿವೆ. ಹಿಂದಿನವರು ಕಲ್ಲುಕೊಡಲಿಗಳನ್ನು ನೀರು ಹಾಕಿ ಮಸೆದೂ ಮಸೆದೂ ಬಿದ್ದ ಗುಳಿಗಳಿವು. ಪಟ್ಟಣದಿಂದ ಬಂದವರು ಅವುಗಳ ಮೇಲೆಯೇ ಕೂತು ಬುತ್ತಿ ಬಿಚ್ಚುತ್ತಾರೆ, ಫೋಟೊ ತೆಗೆದುಕೊಂಡು ಹೋಗುತ್ತಾರೆ. ಹೋಗಲಿ ಬಿಡಿ. ಇದಕ್ಕೆ ಸಾಕ್ಷಿಗುಡ್ಡ ಎಂಬ ಹೆಸರು ಯಾಕೆ ಬಂತೆಂದು ಕೇಳುವ ಪುಣ್ಯಾತ್ಮರು ಅಪರೂಪ. ಕೇಳಿದವರಿಗೆ ಮಾತ್ರ ಊರಿನ ಹಿರಿಯರು ತಿಪ್ಪವ್ವನ ಕಥೆ ಹೇಳುತ್ತಾರೆ.

ಹಿಂದೆ ಒಮ್ಮೆ, ಕಬ್ಬಿಣದ ಹೆಸರೇ ಕೇಳದ ಕಾಲದಲ್ಲಿ, ಈ ಗುಡ್ಡದ ಮೇಲೆ ದನ ಸಾಕುವ ಜನ ಇದ್ದರಂತೆ. ಹಳ್ಳದಾಚೆಯ ಗುಡ್ಡದಲ್ಲಿ ಇನ್ನೊಂದು ಕುಲ. ಎರಡೂ ಕಡೆಯವರು ತಂತಮ್ಮ ಗುಡ್ಡದ ಕಲ್ಲಿನಲ್ಲೇ ಕೊಡಲಿ ಮಾಡಬೇಕು. ಈ ಗುಡ್ಡದಲ್ಲಂತೂ ಕಲ್ಲು ತೆಗೆಯಲು ಒಂದೊಂದು ಮನೆಗೆ ಬಂಡೆಯ ಒಂದೊಂದು ಪಟ್ಟಿ. ಒಬ್ಬರದನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ. ತಿಪ್ಪವ್ವನ ಮನೆಯ ಪಟ್ಟಿಯಲ್ಲಿ ಮಾತ್ರ ಕರಿಗಲ್ಲಿನ ನಡುವೆ ಬಿಳಿಯ ಎಳೆ ಹಾಯ್ದಿತ್ತು. ಗಂಡ ಸತ್ತ ಮೇಲೆ ಅವಳು ಆ ಕಲ್ಲು ಮಸೆದೇ ಮಗ ಹುಲುಗನನ್ನು ಸಾಕಿದ್ದಳು. ಕಲ್ಲಿನ ಮೈಬಣ್ಣ ನಂಬಬೇಡಿ, ಮಸೆದಾಗ ಬರುವ ರಾಡಿ ನೋಡಿ ಎನ್ನುತ್ತಿದ್ದಳಂತೆ. ಈ ಗುಡ್ಡದ ಕಲ್ಲಿನ ರಾಡಿ ಹಸಿರುಗಪ್ಪು, ಹಳ್ಳದಾಚೆಯದು ಮಾಸಲು ಬಿಳಿ.

ಒಂದು ಮುಂಜಾನೆ ದನದ ಹಟ್ಟಿಯ ಯಜಮಾನ ತಲೆಯೊಡೆದು ಸತ್ತುಬಿದ್ದಿದ್ದ. ಪಕ್ಕದಲ್ಲಿ ಉರಿಯುತ್ತಿದ್ದ ಸಗಣಿಯ ಬೂದಿಯಲ್ಲಿ ಒಂದು ಕೊಡಲಿ ಸಿಕ್ಕಿತು. ಮರದ ಕಾವು ಸುಟ್ಟುಹೋಗಿ, ಕಲ್ಲಿನ ಮೈಯೆಲ್ಲ ಬೆಳ್ಳಗಾಗಿತ್ತು. ಕಂಡದ್ದೇ ತಡ, ಇದು ಹಳ್ಳದಾಚೆಯವರ ಬಿಳಿಗಲ್ಲೆಂದು ಜನ ಎದ್ದುನಿಂತರು. ಆಚೆ ಗುಡ್ಡದ ಮಸಣನೆಂಬವನು ಹೋರಿಯೊಂದನ್ನು ಒಯ್ಯಲು ಹಿಂದಿನ ದಿನವೇ ಬಂದು ಉಳಿದಿದ್ದ. ಅವನ ಹೆಡೆಮುರಿ ಕಟ್ಟಿದರು. ಕೊಂದವನನ್ನು ಗುಡ್ಡದ ತುದಿಯಿಂದ ನೂಕುವುದು ಕಟ್ಟಳೆ. ಆದರೆ ಎಲ್ಲರೆದುರು ಕಲ್ಲನ್ನು ಮಸೆದು ನೋಡದೆ ನೂಕುವಂತಿರಲಿಲ್ಲ. ಆ ಕೆಲಸಕ್ಕೆ ತಿಪ್ಪವ್ವನನ್ನು ಕರೆಸಿದರು.

ಹಳೆಯ ಗುಳಿಯಲ್ಲಿ ಮಸೆದರೆ ಹಳೆಯ ರಾಡಿ ಬೆರೆಯುತ್ತದೆಂದು ಅವಳು ಬಂಡೆಯ ಹೊಸ ಜಾಗದಲ್ಲಿ ಕೂತಳು. ನೀರು ಚಿಮುಕಿಸಿ ಮಸೆಯತೊಡಗಿದಳು. ಬಿಳಿ ಪೊರೆ ಹರಿದು, ಬೆರಳ ಸಂದಿಯಲ್ಲಿ ಹಸಿರುಗಪ್ಪು ರಾಡಿ ಇಳಿಯಿತು. ಅಂಗೈ ಸರಿಸಿ ಇಣುಕಿದರೆ, ಕೊಡಲಿಯ ಅಂಚಿನಲ್ಲಿ ಬಿಳಿಯ ಎಳೆ! ಮಸಣನಿಗೆ ಕೊಡಲು ಯಜಮಾನ ಒಪ್ಪಿದ್ದ ಹೋರಿ ಹುಲುಗನು ಕೈಯಾರೆ ಬೆಳೆಸಿದ್ದು. ಅದಕ್ಕಾಗಿ ಯಜಮಾನನಿಗೂ ಅವನಿಗೂ ಜಗಳವಾಗಿತ್ತು. ತಲೆಯೆತ್ತಿ ನೋಡಿದಳು. ಅಷ್ಟು ಹೊತ್ತು ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದ ಮಗ ಈಗ ನೆಲ ನೋಡುತ್ತಿದ್ದ.

ಒಂದು ಬೊಗಸೆ ನೀರು ಸುರಿದರೆ ರಾಡಿ ಯಾರ ಕಣ್ಣಿಗೂ ಬೀಳದೆ ತೊಳೆದುಹೋಗುತ್ತಿತ್ತು. ಎಳೆ ಅಂಚಿಗಷ್ಟೇ ತಾಗಿತ್ತು, ಇನ್ನಷ್ಟು ಉಜ್ಜಿದರೆ ಅದೂ ಅಳಿಸುತ್ತಿತ್ತು. ಹೆತ್ತ ಕರುಳು, ಸುಮ್ಮನಿರುತ್ತದೆಯೇ? ನೀರು ಸುರಿದೇಬಿಟ್ಟಳು. ರಾಡಿ ಬಂದಂತೆಲ್ಲ ತೊಳೆಯುತ್ತ ಕೈ ನಿಲ್ಲಿಸದೆ ಉಜ್ಜಿದಳು. ಯಾರ ಕಲ್ಲೆಂದು ಹಿರಿಯರು ಕೇಳಿದರೆ ಮತ್ತೊಂದು ಬೊಗಸೆ ನೀರು ಸುರಿದಳು. ಜನ ತಾಳ್ಮೆಗೆಟ್ಟು ಮಸಣನನ್ನು ಎಳೆಯತೊಡಗಿದರು. ಅವನು ಕೊಸರಾಡಲಿಲ್ಲ. ಅವಳ ಕಡೆ ತಿರುಗಿ, "ಯವ್ವಾ, ಆಚಿ ಗುಡ್ಡದಾಗ ನಮ್ಮವ್ವ ದಾರಿ ಕಾಯಕತ್ಯಾಳ. ನಾ ಕೊಂದಿಲ್ಲಂತ ಆಕಿಗಾದ್ರೂ ಹೇಳು" ಎಂದ.

ತಿಪ್ಪವ್ವನ ಕೈ ನಿಂತಿತು. ಕೊಡಲಿಯನ್ನು ಎತ್ತಿಹಿಡಿದಳು. ಎಳೆ ಇನ್ನೂ ಕೂದಲಿನಷ್ಟು ಉಳಿದಿತ್ತು.

"ಅವನ್ನ ಬಿಡ್ರಿ. ಇದು ನಮ್ಮ ಮನಿ ಕಲ್ಲು. ನನ್ನ ಮಗಂದು."

ಹುಲುಗ ಅಲ್ಲಗಳೆಯಲಿಲ್ಲ. ತಾಯಿಯ ಕಾಲು ಮುಟ್ಟಿ ತಾನಾಗಿಯೇ ಗುಡ್ಡ ಹತ್ತಿದನಂತೆ. ಅವಳು ಬಂಡೆಗೆ ಹಣೆ ಚಚ್ಚಿಕೊಂಡು ಅತ್ತಳು, ಆಡಿದ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಂದಿನಿಂದ ಹಳ್ಳದ ಎರಡೂ ಕಡೆಯವರು ಇದನ್ನು ಸಾಕ್ಷಿಗುಡ್ಡ ಎಂದು ಕರೆದರು ಎನ್ನುತ್ತಾರೆ.

ಇಂದಿಗೂ ಮಳೆ ಬಂದರೆ ಆ ಬಂಡೆಯ ಗುಳಿಗಳಲ್ಲಿ ನೀರು ನಿಲ್ಲುತ್ತದೆ, ದನ ಕಾಯುವವರು ಬಾಗಿ ಮುಖ ತೊಳೆಯುತ್ತಾರೆ. ಸಾಲಿನಿಂದ ಆಚೆಗೆ ಇರುವ ಒಂದರಲ್ಲಿ ಮಾತ್ರ ಹನಿಯೂ ನಿಲ್ಲುವುದಿಲ್ಲ, ಅಷ್ಟು ತೆಳು. ಅದನ್ನು ಯಾಕೆ ಅರ್ಧಕ್ಕೆ ಬಿಟ್ಟರೆಂದು ನೋಡಬಂದವರು ಕೇಳಿದರೆ, ಹಿರಿಯರು ಚಪ್ಪಲಿ ಬಿಟ್ಟು ಅದರ ಪಕ್ಕ ಕೂರುತ್ತಾರೆ. ತಾಯಿಯ ಕೈ ಅಲ್ಲಿಗೇ ನಿಂತಿತು ಎನ್ನುತ್ತಾರೆ.