ನಿಯಮಭಂಗವಾಗಿದೆ

ಹೊಳೆಯ ದಂಡೆಯಲ್ಲೊಂದು ಆಶ್ರಮ. ಆಶ್ರಮ ಅಂದಕೂಡಲೇ ಜಟೆ, ಜಿಂಕೆ ಅಂದುಕೊಳ್ಳಬೇಡಿ. ಅಲ್ಲಿ ಔಷಧಾಲಯವಿತ್ತು, ಕಂಪ್ಯೂಟರೂ ಇತ್ತು.

ಕಂಪ್ಯೂಟರು ಸುಮುಖನ ಪಾಲಿನದು. ಶಿಷ್ಯರಲ್ಲೆಲ್ಲ ಅವನೇ ಚುರುಕು. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು.

ಯಾರಿಗೆ ಯಾವ ಮಾತ್ರೆ ಅಂತ ಮುದುಕ ಶಿಷ್ಯ ಭದ್ರಯ್ಯ ವಾರಕ್ಕೊಮ್ಮೆ ಕಂಪ್ಯೂಟರಿನಲ್ಲಿ ಪಟ್ಟಿ ಮಾಡುತ್ತಿದ್ದ. ಅದು ತಾನಾಗಿಯೇ ಆಚೆ ದಡದ ದವಾಖಾನೆಗೆ ಹೋಗುತ್ತಿತ್ತು. ರೋಗಿಗಳಿಗೆ ಬರೀ ನಂಬರು. ಹೆಸರೂ ಕಾಯಿಲೆಯೂ ಜೊತೆಯಾಗಿ ಆಶ್ರಮ ದಾಟಬಾರದು ಅಂತ ಗುರುಗಳ ಕಟ್ಟಳೆ. ದಾಟಹೊರಟರೆ ಪಟ್ಟಿಯನ್ನೇ ತಡೆಯುವಂತೆ ಸುಮುಖ ಏರ್ಪಾಡು ಮಾಡಿದ್ದ.

ಒಂದು ವಾರ ಭದ್ರಯ್ಯ, ಗುರುತು ತಪ್ಪದಿರಲಿ ಅಂತ ಅಕ್ಕರೆಯಿಂದ, ‘ನೀಲವ್ವ, ಮೂರ್ಛೆರೋಗ’ ಎಂದು ಬರೆದ.

ಪರದೆಯ ಮೇಲೆ ಮೂಡಿತು: ‘ನಿಯಮಭಂಗವಾಗಿದೆ.’

ಅಷ್ಟೇ! ಪಟ್ಟಿ ಹೋಗಿಲ್ಲ ಅಂತಿಲ್ಲ, ಏನು ತಿದ್ದಬೇಕು ಅಂತಿಲ್ಲ. ಆ ಆಶ್ರಮದಲ್ಲಿ ನಿಯಮ ಮುರಿದವರಿಗೆ ಮೂರು ದಿನ ಮೌನ. ಪಾಪ, ಮುದುಕ ಯಾರಿಗೂ ಹೇಳದೆ ಕೋಣೆ ಸೇರಿ ಬಾಗಿಲು ಹಾಕಿಕೊಂಡ.

ಆಚೆ ದಡದ ದವಾಖಾನೆಗೆ ಮಾತ್ರೆಗೆಂದು ಬಂದ ನೀಲವ್ವನಿಗೆ, “ಪಟ್ಟಿ ಬಂದಿಲ್ಲ, ನಾಳೆ ಬಾರವ್ವ” ಎಂದರು. ಮರುದಿನವೂ ಅದೇ ಮಾತು. ಮೂರನೆಯ ದಿನ ಬಟ್ಟೆ ಒಗೆಯುವಾಗ ಮೂರ್ಛೆ ಬಂದು ಹೊಳೆಗೆ ಬಿದ್ದಳು. ಎತ್ತುವಷ್ಟರಲ್ಲಿ ಜೀವ ಹೋಗಿತ್ತು.

ಸುದ್ದಿ ಕೇಳಿ ಸುಮುಖ ಗುರುಗಳ ಹತ್ತಿರ ಓಡಿದ.

“ಗುರುಗಳೇ, ಏರ್ಪಾಡು ಸರಿಯಾಗೇ ಇತ್ತು. ತಡೆಯಬೇಕಾದ್ದನ್ನೇ ತಡೆಯಿತು.”

“ಹೌದಪ್ಪ.”

“ಅವಳ ಗುಟ್ಟಾದರೂ ಉಳಿಯಿತಲ್ಲ!”

“ಊರವರ ಕಣ್ಣೆದುರೇ ಸೆಟೆದು ಬಿದ್ದಳಂತೆ.”

ಸುಮುಖ ತಲೆ ತಗ್ಗಿಸಿದ. ಆದರೂ ಮನಸ್ಸು ಕೇಳಲಿಲ್ಲ.

“ಭದ್ರಯ್ಯನವರು ನನ್ನನ್ನು ಒಂದು ಮಾತು ಕೇಳಬಾರದಿತ್ತೇ?”

“ಮೌನಕ್ಕೆ ಕೂತವನು ಹೇಗೆ ಕೇಳುತ್ತಾನೆ?”

“ಮೌನಕ್ಕೆ ಯಾಕೆ ಕೂರಬೇಕಿತ್ತು?”

“ತಪ್ಪು ಮಾಡಿದ್ದೀಯ ಅಂತ ನೀನೇ ಬರೆದಿಟ್ಟಿದ್ದೆಯಲ್ಲ.”

ಸುಮುಖ ಎದ್ದುಹೋಗಿ ಕಂಪ್ಯೂಟರಿನ ಮುಂದೆ ಕೂತ. ಅಳುತ್ತಲೇ ಬರೆದ. ಕಾಗದಕ್ಕೆ ಇಳಿಸಿಕೊಂಡು ಬಂದು ಗುರುಗಳ ಮುಂದೆ ಓದಿದ:

“‘ಪಟ್ಟಿ ಹೋಗಿಲ್ಲ. ಮೂರನೆಯ ಸಾಲಿನಲ್ಲಿ ಹೆಸರೂ ಕಾಯಿಲೆಯೂ ಜೊತೆಯಲ್ಲಿವೆ. ಹೆಸರು ಅಳಿಸಿ ಮತ್ತೆ ಕಳಿಸಿ. ತಿಳಿಯದಿದ್ದರೆ ಸುಮುಖನನ್ನು ಕೂಗಿ.’”

ಗುರುಗಳು ಕಣ್ಣು ಮುಚ್ಚಿ ಕೇಳಿದರು.

“ಎಷ್ಟು ಹೊತ್ತು ಹಿಡಿಯಿತು?”

“ಕಾಲು ಗಂಟೆ.”

ಗುರುಗಳು ಕಣ್ಣು ತೆರೆದರು. ಸುಮುಖ ಕಾಗದವನ್ನು ಮುಂದೆ ಚಾಚಿದ.

“ಈಗಲಾದರೂ ಸರಿಯಾಗಿದೆಯೇ, ಗುರುಗಳೇ?”

“ಎಂಥವರಿಗೂ ತಿಳಿಯುತ್ತೆ. ದೋಣಿ ಹೊರಡೋದರಲ್ಲಿದೆ. ಹೋಗು, ನೀಲವ್ವನ ಗಂಡನಿಗೆ ಓದಿ ಹೇಳು.”